ತೋಟಕ್ಕೆ ಔಷಧಿ ಹೊಡೆದರೆ ಊರಿನ ಹಕ್ಕಿ ಕಮ್ಮಿಯಾಗುತ್ತವೆಯೇ? ಕಂಡುಹಿಡಿಯುವುದು ಹೇಗೆ?

ಪ್ರಶ್ನೆ: ನಮ್ಮದು ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿ. ಮೂರು ಎಕರೆ ಟೊಮೆಟೊ, ಒಂದೂವರೆ ಎಕರೆ ಮುಸುಕಿನ ಜೋಳ, ಉಳಿದದ್ದು ರಾಗಿ, ಅವರೆ. ಹದಿನೈದು ವರ್ಷದ ಹಿಂದೆ ಬೆಳಗ್ಗೆ ಎದ್ದರೆ ಗೌಜಲಕ್ಕಿ ಕೂಗು ಕೇಳುತ್ತಿತ್ತು, ಕರೆಂಟ್ ತಂತಿ ಮೇಲೆ ನೀಲಕಂಠ ಕೂತಿರುತ್ತಿತ್ತು. ಈಗ ನವಿಲು, ಕಾಗೆ, ಪಾರಿವಾಳ ಬಿಟ್ಟರೆ ಹೆಚ್ಚೇನೂ ಕಾಣುವುದಿಲ್ಲ. ಕಳೆದ ಜೂನ್‌ನಲ್ಲಿ ಜೋಳ ಬಿತ್ತಿದ ಮೂರನೇ ದಿನ ಬದುವಿನ ಮೇಲೆ ನಾಲ್ಕು ಬೆಳವ ಸತ್ತು ಬಿದ್ದಿದ್ದವು. ಇದೆಲ್ಲ ಔಷಧಿಯಿಂದಲೇ ಆಗಿದ್ದು ಅಂತ ಹೇಗೆ ಗೊತ್ತುಮಾಡಿಕೊಳ್ಳುವುದು? ನಮ್ಮೂರ ಹುಡುಗರು ಎಣಿಕೆ ಮಾಡಲು ತಯಾರಿದ್ದಾರೆ.

ಉತ್ತರ: ನೀವು ಕೇಳಿರುವುದರಲ್ಲಿ ಎರಡು ಪ್ರಶ್ನೆ ಸೇರಿಕೊಂಡಿವೆ. ಮೊದಲು ಅವನ್ನು ಬಿಡಿಸಿಕೊಳ್ಳೋಣ. ಆ ನಾಲ್ಕು ಬೆಳವ ಯಾಕೆ ಸತ್ತವು ಅನ್ನುವುದು ಒಂದು. ಗೌಜಲಕ್ಕಿ, ನೀಲಕಂಠ ಯಾಕೆ ಕಾಣುತ್ತಿಲ್ಲ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸಿಕ್ಕ ಮಾತ್ರಕ್ಕೆ ಎರಡನೆಯದಕ್ಕೂ ಸಿಕ್ಕಿತು ಅಂದುಕೊಳ್ಳಬೇಡಿ. ನಾನು ಇಪ್ಪತ್ತು ವರ್ಷದಿಂದ ಕೋಲಾರ, ಚಿಕ್ಕಬಳ್ಳಾಪುರದ ಹೊಲಗಳಲ್ಲಿ ಹಕ್ಕಿ ಎಣಿಸುತ್ತಿದ್ದೇನೆ. ಜನ ನನಗೆ ಕಳಿಸುವುದು ಯಾವಾಗಲೂ ಸತ್ತ ಹಕ್ಕಿಯ ಫೋಟೋ. ಸಂಕಟ ಆಗುತ್ತದೆ, ನಿಜ. ಆದರೆ ಒಂದು ಊರಿನಿಂದ ಒಂದು ಹಕ್ಕಿ ಪೂರ್ತಿ ಮಾಯವಾಗಿದೆ ಅಂದರೆ ನನಗೆ ಮೊದಲು ಅನುಮಾನ ಬರುವುದು ಮರಿಗಳ ಮೇಲೆ. ಅವು ಗೂಡಿನಲ್ಲೇ ಹಸಿದು ಸತ್ತಿರುತ್ತವೆ, ಇಲ್ಲವೇ ಹುಟ್ಟಿಯೇ ಇರುವುದಿಲ್ಲ. ಅವುಗಳ ಫೋಟೋ ಯಾರೂ ತೆಗೆಯುವುದಿಲ್ಲ.

ಮೊದಲು ಬೆಳವದ ವಿಷಯ ಮುಗಿಸೋಣ.

ಬಿತ್ತಿದ ಮೂರನೇ ದಿನ, ಬದುವಿನ ಮೇಲೆ, ಅದೂ ಕಾಳು ತಿನ್ನುವ ಹಕ್ಕಿ. ನನಗೂ ತಕ್ಷಣ ಹೊಳೆಯುವುದು ಬೀಜಕ್ಕೆ ಹಚ್ಚಿದ ಔಷಧಿಯೇ. ಪ್ಯಾಕೆಟ್‌ನಲ್ಲಿ ಬರುವ ಜೋಳದ ಬೀಜ ಕೆಂಪಗೋ ಗುಲಾಬಿ ಬಣ್ಣಕ್ಕೋ ಇರುತ್ತದಲ್ಲ, ಔಷಧಿ ಹಚ್ಚಿದ್ದೇವೆ ಅಂತ ಎಚ್ಚರಿಸಲು ಕೊಟ್ಟ ಬಣ್ಣ ಅದು. ಶಿಲೀಂಧ್ರನಾಶಕ ಇದ್ದೇ ಇರುತ್ತದೆ, ಕೆಲವು ಬೀಜಕ್ಕೆ ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್‌ನಂಥ ಕೀಟನಾಶಕವೂ ಸೇರಿರುತ್ತದೆ. ಒಂದು ಅಂದಾಜು ಲೆಕ್ಕ ಹಾಕೋಣ. ಪ್ರಯೋಗಾಲಯದಲ್ಲಿ ಜಪಾನಿ ಪುರಲೆ (ಕ್ವೇಲ್) ಹಕ್ಕಿಗೆ ಇಮಿಡಾಕ್ಲೋಪ್ರಿಡ್ ತಿನ್ನಿಸಿ ನೋಡಿದ್ದಾರೆ. ಮೈತೂಕದ ಒಂದು ಕಿಲೋಗೆ 31 ಮಿಲಿಗ್ರಾಂನಷ್ಟು ಹೊಟ್ಟೆ ಸೇರಿದರೆ ಅರ್ಧದಷ್ಟು ಹಕ್ಕಿಗಳು ಸಾಯುತ್ತವೆ. ಬೆಳವ ಬೇರೆ, ಪುರಲೆ ಬೇರೆ. ಅಂದಾಜಿಗೆ ಇದನ್ನೇ ಹಿಡಿದರೆ 100 ಗ್ರಾಂ ತೂಗುವ ಹಕ್ಕಿಗೆ 3 ಮಿಲಿಗ್ರಾಂ ಸಾಕು. ಒಂದು ಕಿಲೋ ಬೀಜಕ್ಕೆ 1 ಗ್ರಾಂ ವಿಷ ಅಂಟಿದೆ ಎಂದಿಟ್ಟುಕೊಳ್ಳಿ, ಆಗ 0.3 ಗ್ರಾಂ ತೂಗುವ ಒಂದು ಕಾಳಿನಲ್ಲಿ 0.3 ಮಿಲಿಗ್ರಾಂ ಇರುತ್ತದೆ. ಅಂದರೆ ಹತ್ತು ಕಾಳು.

ಹತ್ತು ಕಾಳು ಹೆಕ್ಕಲು ಬೆಳವಕ್ಕೆ ಎಷ್ಟು ಹೊತ್ತು ಬೇಕು! ಆದರೆ ಈ ಲೆಕ್ಕ ಹೇಳುವುದು ಹೀಗೆ ಆಗಬಹುದು ಅಂತ ಮಾತ್ರ. ನಿಮ್ಮ ಹೊಲದಲ್ಲಿ ಹೀಗೇ ಆಯಿತು ಅಂತ ಹೇಳಲು ಇನ್ನೂ ಕೆಲವು ವಿಷಯ ಬೇಕು. ಬಿತ್ತಿದ ಮಾರನೇ ದಿನ ಮಣ್ಣಿನ ಮೇಲೆ ಎಷ್ಟು ಕಾಳು ಬಿದ್ದಿತ್ತು? ಇದನ್ನು ನೀವೇ ಎಣಿಸಬಹುದು. ನಾಲ್ಕು ಕಡ್ಡಿ ಕಟ್ಟಿ ಒಂದು ಮೀಟರ್ ಚೌಕ ಮಾಡಿಕೊಳ್ಳಿ. ಹೊಲದ ನಡುವೆ ಹತ್ತು ಕಡೆ, ಅಂಚಿನಲ್ಲಿ ಹತ್ತು ಕಡೆ ಇಟ್ಟು ಒಳಗಿನ ಕಾಳು ಎಣಿಸಿ. ನಾನು ನೋಡಿದ ಹೊಲಗಳಲ್ಲಿ ನಡುವೆ ಕಾಳು ಕಾಣುವುದೇ ಅಪರೂಪ. ನೇಗಿಲು ಅಥವಾ ಟ್ರ್ಯಾಕ್ಟರ್ ತಿರುಗುವ ಅಂಚಿನಲ್ಲಿ, ಚೀಲ ಇಳಿಸಿದ ಜಾಗದಲ್ಲಿ ಚೆಲ್ಲಿರುತ್ತದೆ. ನಿಮ್ಮ ಬೆಳವ ಸತ್ತಿದ್ದೂ ಬದುವಿನಲ್ಲೇ ಅಲ್ವಾ?

ಇನ್ನು ಸತ್ತ ಹಕ್ಕಿಯೇ ಸಾಕ್ಷಿ. ಬರಿಗೈಯಲ್ಲಿ ಮುಟ್ಟಬೇಡಿ. ಹಕ್ಕಿ ಜ್ವರ ಇರಬಹುದು, ಬೆಳವ, ಪಾರಿವಾಳಗಳ ಗಂಟಲಿಗೆ ಬರುವ ರೋಗವೂ ಇರಬಹುದು. ಫೋಟೋ ತೆಗೆದು ದಿನ, ಜಾಗ, ಹಿಂದಿನ ಒಂದು ವಾರದಲ್ಲಿ ಸುತ್ತಮುತ್ತ ಯಾರು ಏನು ಹೊಡೆದರು, ಏನು ಬಿತ್ತಿದರು ಬರೆದಿಟ್ಟುಕೊಳ್ಳಿ. ನಂತರ ಅರಣ್ಯ ಇಲಾಖೆಯವರಿಗೆ ತಿಳಿಸಿ, ಪಶುವೈದ್ಯರ ಮೂಲಕ ಮಂಜುಗಡ್ಡೆಯಲ್ಲಿಟ್ಟು ಪರೀಕ್ಷೆಗೆ ಹೋಗುವಂತೆ ನೋಡಿಕೊಳ್ಳಿ. ಸತ್ತಿದ್ದು ನವಿಲಾಗಿದ್ದರೆ ಇಲಾಖೆಯವರು ಬರುವ ತನಕ ಯಾರೂ ಕದಲಿಸಲೇ ಕೂಡದು. ಅದು ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯ ಹಕ್ಕಿ.

ಪರೀಕ್ಷೆಗೆ ಕಳಿಸುವಾಗ ಯಾವ ವಿಷದ ಅನುಮಾನ ಅಂತ ತಪ್ಪದೆ ಬರೆಯಿಸಿ. ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್ ಥರದ ರಂಜಕದ ಗುಂಪಿನ ಔಷಧಿಯಿಂದ ಸತ್ತ ಹಕ್ಕಿಯ ಮಿದುಳಿನಲ್ಲಿ ಕೊಲಿನ್‌ಎಸ್ಟರೇಸ್ ಅನ್ನುವ ಕಿಣ್ವದ ಕೆಲಸ ಕುಸಿದಿರುತ್ತದೆ. ಆರೋಗ್ಯವಾಗಿರುವ ಅದೇ ಜಾತಿಯ ಹಕ್ಕಿಗೆ ಹೋಲಿಸಿದರೆ ನೂರಕ್ಕೆ 20ರಷ್ಟು ಕುಸಿದಿದ್ದರೆ ವಿಷ ತಾಕಿದೆ ಅಂತ, 50ಕ್ಕೂ ಹೆಚ್ಚು ಕುಸಿದಿದ್ದರೆ ಸಾವಿಗೂ ಅದೇ ಕಾರಣ ಅಂತ ತಜ್ಞರು ಸಾಮಾನ್ಯವಾಗಿ ಲೆಕ್ಕ ಹಿಡಿಯುತ್ತಾರೆ. ಇಮಿಡಾಕ್ಲೋಪ್ರಿಡ್ ಈ ಕಿಣ್ವವನ್ನು ಮುಟ್ಟುವುದೇ ಇಲ್ಲ. ಅದನ್ನು ಮೇವುಚೀಲದ ಕಾಳಿನಲ್ಲಿ, ಪಿತ್ತಜನಕಾಂಗದಲ್ಲಿ ಹುಡುಕಬೇಕು. ಬರೀ ಮಿದುಳು ನೋಡಿ ವಿಷ ಇಲ್ಲ ಅಂತ ವರದಿ ಬಂದರೆ ಅದರಿಂದ ನಿಮ್ಮ ಬೀಜದ ಔಷಧಿ ನಿರಪರಾಧಿ ಆಗುವುದಿಲ್ಲ.

ಇನ್ನೊಂದು ಮಾತು. ನಿಮಗೆ ಸಿಕ್ಕಿದ್ದು ನಾಲ್ಕು. ಸತ್ತಿದ್ದು ನಾಲ್ಕೇ ಅಂತ ಅಲ್ಲ. ನಾಯಿ, ಮುಂಗುಸಿ, ಕಾಗೆ ರಾತ್ರಿ ಬೆಳಗಾಗುವುದರೊಳಗೆ ಹೊತ್ತೊಯ್ಯುತ್ತವೆ. ಎಷ್ಟು ಹೋಗುತ್ತವೆ ಅಂತ ತಿಳಿಯಲು ಒಂದು ದಾರಿ ಇದೆ. ಫಾರಂನಲ್ಲಿ ಸಹಜವಾಗಿ ಸತ್ತ, ರೋಗವಿಲ್ಲದ ಹತ್ತು ಕೋಳಿಮರಿಗಳನ್ನು ಹುಡುಕುವವರಿಗೆ ಗೊತ್ತಿಲ್ಲದಂತೆ ಹೊಲದಲ್ಲಿ ಇಡುವುದು. ಮಾರನೇ ದಿನ ಎಷ್ಟು ಉಳಿದವು, ಉಳಿದದ್ದರಲ್ಲಿ ಹುಡುಗರ ಕಣ್ಣಿಗೆ ಎಷ್ಟು ಬಿದ್ದವು ಅಂತ ನೋಡುವುದು. ಅರ್ಧ ಉಳಿದು, ಅದರಲ್ಲಿ ಅರ್ಧ ಕಣ್ಣಿಗೆ ಬಿದ್ದರೆ ನಿಮ್ಮ ನಾಲ್ಕು ಅಂದರೆ ಸುಮಾರು ಹದಿನಾರು. 1995-96ರಲ್ಲಿ ಅರ್ಜೆಂಟೀನಾದಲ್ಲಿ ಮಿಡತೆಗೆ ಮೊನೊಕ್ರೊಟೊಫಾಸ್ ಹೊಡೆದಾಗ ಅಮೆರಿಕದಿಂದ ವಲಸೆ ಬಂದಿದ್ದ ಸ್ವೈನ್‌ಸನ್ ಗಿಡುಗಗಳು ರಾಶಿ ರಾಶಿ ಸತ್ತವು. ಸಿಕ್ಕ ಹೆಣಗಳು 5,000ದ ಆಸುಪಾಸು, ಒಟ್ಟು ಸತ್ತದ್ದು 20,000 ಇರಬಹುದು ಅಂತ ಅಂದಾಜು. ಅದೇ ಮೊನೊಕ್ರೊಟೊಫಾಸ್ ಅನ್ನು ನಮ್ಮಲ್ಲಿ ತರಕಾರಿಗೆ ಬಳಸಬಾರದು ಅಂತ 2005ರಲ್ಲೇ ಆದೇಶ ಆಗಿತ್ತು.

ಇಷ್ಟಾದರೂ, ಬೆಳವದಂಥ ಹಕ್ಕಿ ವರ್ಷಕ್ಕೆ ಹಲವು ಸಲ ಮರಿ ಮಾಡುತ್ತದೆ. ಹದಿನಾರು ಸತ್ತರೂ ಮುಂದಿನ ವರ್ಷ ನಿಮ್ಮೂರಲ್ಲಿ ಬೆಳವ ಅಷ್ಟೇ ಇರಬಹುದು. ಸಾವಿನ ಲೆಕ್ಕದಿಂದ ಸಂಖ್ಯೆಯ ಲೆಕ್ಕಕ್ಕೆ ನೇರ ದಾರಿ ಇಲ್ಲ ಅನ್ನುವುದು ಇದಕ್ಕೇ.

ಈಗ ಎರಡನೇ ಪ್ರಶ್ನೆ. ನನಗೆ ತುಂಬಾ ಮುಖ್ಯ ಅನ್ನಿಸುವುದು ಇದೇ. ನೀಲಕಂಠ ನಮ್ಮ ರಾಜ್ಯದ ಹಕ್ಕಿ. 2023ರಲ್ಲಿ ಬಂದ ದೇಶದ ಹಕ್ಕಿಗಳ ಸ್ಥಿತಿಗತಿ ವರದಿಯಲ್ಲಿ, ಅಂದರೆ 30,000 ಪಕ್ಷಿವೀಕ್ಷಕರು ದಾಖಲಿಸಿದ 3 ಕೋಟಿ ಮಾಹಿತಿ ಸೇರಿಸಿ 942 ಜಾತಿಗಳ ಬಗ್ಗೆ ಮಾಡಿದ ವರದಿಯಲ್ಲಿ, ನೀಲಕಂಠ ದೇಶದ ತುಂಬಾ ಕಮ್ಮಿಯಾಗುತ್ತಿದೆ ಅಂತ ಇದೆ. ನವಿಲು ಹೆಚ್ಚುತ್ತಿದೆ ಅಂತಲೂ ಇದೆ. ನಿಮ್ಮ ಕಣ್ಣಿಗೆ ಕಂಡಿದ್ದೇ ಅದು. ಆದರೆ ನಿಮ್ಮ ಊರಿನಲ್ಲಿ ಯಾಕೆ ಅನ್ನುವುದನ್ನು ದೇಶದ ಲೆಕ್ಕ ಹೇಳಲಾರದು.

ಅವಸರಪಟ್ಟು ಔಷಧಿಯ ತಲೆಗೆ ಕಟ್ಟಬೇಡಿ ಅಂತ ನಾನು ಯಾಕೆ ಹೇಳುತ್ತೇನೆ ಅಂದರೆ, ನಾನೇ ಒಮ್ಮೆ ಕಟ್ಟಿದ್ದೆ. ಮಾಲೂರು ಕಡೆ ಒಂದು ದ್ರಾಕ್ಷಿ ತೋಟದಲ್ಲಿ ಹನ್ನೊಂದು ಗೊರವಂಕ ಸತ್ತಿದ್ದವು, ವಿಷವೇ ಅಂತ ಎಲ್ಲರ ಮುಂದೆ ಹೇಳಿಬಿಟ್ಟೆ. ಆಮೇಲೆ ರೆಕ್ಕೆ ಬಿಡಿಸಿ ನೋಡಿದರೆ ಬುಡದಲ್ಲಿ ಬಲೆಯ ದಾರ ಕೊರೆದ ಗುರುತು. ತೋಟಕ್ಕೆ ಹೊದಿಸಿದ ಬಲೆಗೆ ಸಿಕ್ಕಿ ಸತ್ತು, ಕೂಲಿಯವರು ಬಿಡಿಸಿ ಎಸೆದಿದ್ದರು. ಆ ರೈತರ ಹತ್ತಿರ ಹೋಗಿ ಕ್ಷಮೆ ಕೇಳಿದೆ. ರಣಹದ್ದಿನ ಕಥೆ ಇದಕ್ಕಿಂತ ದೊಡ್ಡದು. 1990ರ ದಶಕದಲ್ಲಿ ಅವು ಸಾಲು ಸಾಲಾಗಿ ಸಾಯುತ್ತಿದ್ದಾಗ ರೋಗ ಇರಬಹುದು, ಕೀಟನಾಶಕ ಇರಬಹುದು ಅಂತ ವರ್ಷಗಟ್ಟಲೆ ಹುಡುಕಿದರು. ಕೊನೆಗೆ 2004ರಲ್ಲಿ ಗೊತ್ತಾಗಿದ್ದು, ದನಕ್ಕೆ ನೋವಿಗೆ ಕೊಡುವ ಡೈಕ್ಲೋಫೆನಾಕ್ ಅಂತ. ಅಷ್ಟರಲ್ಲಿ ಬಿಳಿಬೆನ್ನಿನ ರಣಹದ್ದು ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಹೋಗಿಯಾಗಿತ್ತು. 2006ರಲ್ಲಿ ಪಶುಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಿದರು.

ಹಾಗಾಗಿ ನಿಮ್ಮೂರಲ್ಲಿ ಹದಿನೈದು ವರ್ಷದಲ್ಲಿ ಇನ್ನೇನೇನು ಬದಲಾಯಿತು ಅಂತ ಹಿರಿಯರ ಜೊತೆ ಕೂತು ಬರೆಯಿರಿ. ಗುಂಡುತೋಪು ಇದೆಯೋ, ಕಡಿದರೋ? ನೀಲಕಂಠಕ್ಕೆ ಪೊಟರೆ ಇರುವ ಹಳೆ ಮರ ಬೇಕು. ಕಳ್ಳಿ, ಲಾಂಟಾನ ಬೇಲಿ ಕಿತ್ತು ಕಲ್ಲುಕಂಬ ನೆಟ್ಟು ತಂತಿ ಎಳೆದರೋ? ಗೌಜಲಕ್ಕಿ ರಾತ್ರಿ ಕೂರುವುದು, ನಾಯಿಯಿಂದ ಅಡಗುವುದು ಆ ಬೇಲಿಯಲ್ಲೇ. ಗೋಮಾಳ ಲೇಔಟ್ ಆಯಿತೋ, ನೀಲಗಿರಿ ತೋಪಾಯಿತೋ? ಉರುಲು ಹಾಕಿ ಹಿಡಿಯುವವರು ಇದ್ದಾರೋ? ಇದನ್ನು ಕೇಳಲು ಮುಜುಗರ ಬೇಡ, ಕೆಲವು ಊರಲ್ಲಿ ಗೌಜಲಕ್ಕಿ ಮುಗಿದಿದ್ದು ಅದರಿಂದಲೇ. ಕೋಲಾರದ ಕಡೆ ಇನ್ನೂ ಒಂದು ಇದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಸಂಸ್ಕರಣೆಯಾಗಿ ಇಲ್ಲಿನ ಕೆರೆಗಳಿಗೆ ಬರತೊಡಗಿತು. ಕೆರೆ ತುಂಬಿ ಬೋರ್‌ವೆಲ್‌ನಲ್ಲಿ ನೀರು ಬಂದ ಕಡೆ ರಾಗಿ ಬಿಟ್ಟು ತರಕಾರಿಗೆ ಹೋದವರು ಇದ್ದಾರೆ. ಅಲ್ಲಿ ನೀರು, ಬೆಳೆ, ಔಷಧಿ ಮೂರೂ ಒಟ್ಟಿಗೆ ಬದಲಾಗಿವೆ. ಹಕ್ಕಿ ಕಮ್ಮಿಯಾಗಿದ್ದು ಮೂರರಲ್ಲಿ ಯಾವುದಕ್ಕೆ ಅಂತ ಒಂದೇ ಊರು ನೋಡಿ ಹೇಳಲು ಯಾರಿಂದಲೂ ಆಗುವುದಿಲ್ಲ.

ಅದಕ್ಕೆ ಹೋಲಿಕೆ ಬೇಕು. ಇಲ್ಲಿ ನಿಮ್ಮ ಭಾಗಕ್ಕೆ ಒಂದು ಅದೃಷ್ಟ ಇದೆ. ಶಿಡ್ಲಘಟ್ಟ, ಚಿಂತಾಮಣಿ ಸುತ್ತ ಹಿಪ್ಪುನೇರಳೆ ತೋಟಗಳಿವೆ. ಅವೂ ಟೊಮೆಟೊ ಥರ ಬೋರ್‌ವೆಲ್ ನೀರಿನ ಬೆಳೆ, ಅದೇ ಮಣ್ಣು, ಅದೇ ಊರು. ಆದರೆ ಸೊಪ್ಪಿಗೆ ಔಷಧಿ ತಾಕಿದರೆ ರೇಷ್ಮೆ ಹುಳ ಸಾಯುತ್ತದೆ, ಹಾಗಾಗಿ ರೈತರು ಹೆದರಿ ಹೆದರಿ ಹೊಡೆಯುತ್ತಾರೆ, ಹೊಡೆದರೂ ದಿನ ಲೆಕ್ಕ ಹಾಕಿ ಸೊಪ್ಪು ಕೊಯ್ಯುತ್ತಾರೆ. ಪಕ್ಕದ ಟೊಮೆಟೊ ತೋಟದಿಂದ ಗಾಳಿಗೆ ಔಷಧಿ ತೇಲಿಬಂತು ಅಂತ ಜಗಳ ಆಗುವುದು ನಿಮಗೂ ಗೊತ್ತಿರುತ್ತದೆ. ಟೊಮೆಟೊ ಜಾಸ್ತಿ ಇರುವ ಊರು, ಹಿಪ್ಪುನೇರಳೆ ಜಾಸ್ತಿ ಇರುವ ಊರು, ರಾಗಿ-ಅವರೆಯ ಮಳೆಯಾಶ್ರಿತ ಊರು, ಹೀಗೆ ಮೂರು ಥರ ಆರಿಸಿಕೊಂಡರೆ ನೀರಾವರಿಯ ಪರಿಣಾಮವನ್ನೂ ಔಷಧಿಯ ಪರಿಣಾಮವನ್ನೂ ಸ್ವಲ್ಪ ಮಟ್ಟಿಗೆ ಬಿಡಿಸಿ ನೋಡಬಹುದು. ಒಂದೊಂದು ಥರಕ್ಕೆ ಒಂದೊಂದೇ ಊರು ಸಾಲದು. ಐದಾರಾದರೂ ಬೇಕು. ಮರ, ಬೇಲಿ, ಕೆರೆಯ ದೂರ ಎಲ್ಲಾ ಕಡೆ ಹತ್ತಿರ ಹತ್ತಿರ ಒಂದೇ ಥರ ಇರುವಂಥ ಊರು ಹುಡುಕಿ. ಹಿಪ್ಪುನೇರಳೆ ಗಿಡ ದಟ್ಟವಾಗಿ ಬೆಳೆಯುವುದರಿಂದ ಒಳಗೆ ಕೂತ ಹಕ್ಕಿ ಕಾಣುವುದಿಲ್ಲ. ಅದಕ್ಕೇ ಎಲ್ಲಾ ಕಡೆ ಬದುವಿನ ಮೇಲೆ ನಿಂತು, ಬೇಲಿ, ತಂತಿ, ಮರದ ಹಕ್ಕಿಗಳನ್ನು ಎಣಿಸಿ.

ಎಣಿಸುವ ರೀತಿ ಸುಲಭ, ಶಿಸ್ತು ಕಷ್ಟ. ಒಂದೊಂದು ಊರಲ್ಲಿ ಹತ್ತು ಜಾಗ ಗುರುತು ಮಾಡಿ, ಒಂದಕ್ಕೊಂದು 250 ಮೀಟರ್ ದೂರ ಇರಲಿ. ಸೂರ್ಯ ಹುಟ್ಟಿದ ಮೇಲೆ ಮೂರು ಗಂಟೆಯೊಳಗೆ ಮುಗಿಸಿ. ಒಂದೊಂದು ಜಾಗದಲ್ಲಿ ಹತ್ತು ನಿಮಿಷ ನಿಂತು 50 ಮೀಟರ್ ಒಳಗೆ ಕಂಡದ್ದು, ಕೇಳಿದ್ದು ಬರೆಯಿರಿ. ಅದೇ ಜಾಗಕ್ಕೆ ಅದೇ ತಿಂಗಳಲ್ಲಿ ಮೂರು ಸಲ ಹೋಗಿ. ಯಾಕೆ ಮೂರು ಸಲ ಅಂದರೆ, ನಾನು ಒಂದೇ ಬದುವಿನಲ್ಲಿ ಮೂರು ದಿನ ಸತತ ನಿಂತಾಗ ಕಳ್ಳಿಪೀರ ಸಿಕ್ಕಿದ್ದು 6, 11, 4. ಬರೀ ಎರಡನೇ ದಿನ ಹೋಗಿದ್ದರೆ ಆ ತೋಟ ಹಕ್ಕಿಗಳ ಸ್ವರ್ಗ ಅನ್ನುತ್ತಿದ್ದೆ. ಹುಡುಗರನ್ನು ಊರಿಂದ ಊರಿಗೆ ಅದಲುಬದಲು ಮಾಡಿ, ಒಬ್ಬನ ಕಿವಿ ಚುರುಕು ಅನ್ನುವ ಕಾರಣಕ್ಕೆ ಒಂದು ಊರಲ್ಲಿ ಹಕ್ಕಿ ಜಾಸ್ತಿ ಆಗಬಾರದು.

ಔಷಧಿಯನ್ನೂ ಅಷ್ಟೇ ಶ್ರದ್ಧೆಯಿಂದ ಅಳೆಯಬೇಕು. ಇದನ್ನೇ ಎಲ್ಲರೂ ಮರೆಯುವುದು. ರೈತರು ತಾವೇ ಬರೆದಿಡುವ ಪುಸ್ತಕ ಇದ್ದರೆ ತುಂಬಾ ಒಳ್ಳೆಯದು. ಇಲ್ಲದಿದ್ದರೆ ಬದುವಿನಲ್ಲಿ ಬಿದ್ದ ಖಾಲಿ ಬಾಟಲಿ, ಪೊಟ್ಟಣಗಳನ್ನು ಕೈಗವಸು ಹಾಕಿಕೊಂಡು ನೋಡುತ್ತಾ ಹೋಗಿ, ಹೆಸರು, ಸಂಖ್ಯೆ ಬರೆದುಕೊಳ್ಳಿ. ನಾಲ್ಕೈದು ಎಕರೆ ನಡೆದರೆ ಆ ಹಂಗಾಮಿನ ಕಥೆ ಗೊತ್ತಾಗುತ್ತದೆ. ಬಾಟಲಿ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನ ನೋಡಿ ಹಸಿರಾದರೆ ಹಕ್ಕಿಗೆ ತೊಂದರೆ ಇಲ್ಲ ಅಂದುಕೊಳ್ಳಬೇಡಿ. ಆ ಬಣ್ಣ ಹೇಳುವುದು ಮನುಷ್ಯನಿಗೆ ಎಷ್ಟು ಅಪಾಯ ಅಂತ, ಇಲಿಯಂಥ ಪ್ರಾಣಿಗಳ ಮೇಲೆ ಮಾಡಿದ ಪರೀಕ್ಷೆಯಿಂದ. ರಂಜಕದ ಗುಂಪಿನ ವಿಷವನ್ನು ಕರಗಿಸುವ ಶಕ್ತಿ ಹಕ್ಕಿಯ ಮೈಗೆ ನಮಗಿಂತ ಕಡಿಮೆ. ಹುಳವನ್ನೆಲ್ಲಾ ತೆಗೆದುಬಿಡುವ ಔಷಧಿ ಹಕ್ಕಿಯ ಮೈಗೆ ಏನೂ ಮಾಡದಿದ್ದರೂ ಮರಿಯ ಊಟ ಕಿತ್ತುಕೊಳ್ಳುತ್ತದೆ, ಅದಕ್ಕೆ ಯಾವ ಬಣ್ಣವೂ ಇಲ್ಲ.

ಮರಿಯ ಊಟ ಅಂದೆ. ಗುಬ್ಬಚ್ಚಿ, ಗೀಜಗ ಕಾಳು ತಿನ್ನುವ ಹಕ್ಕಿಗಳಾದರೂ ಮರಿಗೆ ಕೊಡುವುದು ಹುಳವನ್ನೇ. ಗೌಜಲಕ್ಕಿ ಮರಿ ಮೊದಲ ವಾರಗಳಲ್ಲಿ ಗೆದ್ದಲು, ಚಿಕ್ಕ ಹುಳ ತಿಂದೇ ಬೆಳೆಯುವುದು. ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ 1968ರಲ್ಲಿ ಶುರುವಾದ ಒಂದು ಅಧ್ಯಯನ ಇದನ್ನು ಎಷ್ಟು ಚೆನ್ನಾಗಿ ತೋರಿಸಿತು ಗೊತ್ತಾ? ಅಲ್ಲಿನ ಗೌಜಲಕ್ಕಿ ಜಾತಿಯ ಹಕ್ಕಿ ಕುಸಿಯುತ್ತಿತ್ತು. ಹೊಲದಲ್ಲಿ ಹೆಣ ಬಿದ್ದಿರಲಿಲ್ಲ. ಕಳೆ ಔಷಧಿಯಿಂದ ಕಳೆ ಹೋಯಿತು, ಕಳೆಯ ಮೇಲಿದ್ದ ಹುಳ ಹೋಯಿತು, ಮರಿ ಹಸಿದು ಸತ್ತವು. ಇದು ಬರೀ ಊಹೆಯಲ್ಲ ಅಂತ ತೋರಿಸಲು ಆಮೇಲೆ ಕೆಲವು ಹೊಲಗಳ ಅಂಚಿನ 6 ಮೀಟರ್‌ಗೆ ಔಷಧಿ ಹೊಡೆಯದೆ ಬಿಟ್ಟು ನೋಡಿದರು. ಅಲ್ಲಿ ತಾಯಿಯ ಹಿಂದೆ ಓಡಾಡುವ ಮರಿಗಳ ಸಂಖ್ಯೆ ಜಾಸ್ತಿಯಾಯಿತು. ನನ್ನ ಪ್ರಕಾರ ಹಕ್ಕಿ ಮತ್ತು ಕೀಟನಾಶಕದ ವಿಷಯದಲ್ಲಿ ನಾವು ರೈತರ ಜೊತೆ ಸೇರಿ ಮಾಡಬಹುದಾದ ಅತ್ಯಂತ ಪ್ರಾಮಾಣಿಕ ಪ್ರಯೋಗ ಇದೇ. ನೆದರ್ಲೆಂಡ್ಸ್‌ನಲ್ಲಿ ಇನ್ನೊಂದು ಥರ ಮಾಡಿದರು. ನೀರಿನಲ್ಲಿ ಇಮಿಡಾಕ್ಲೋಪ್ರಿಡ್ ಎಷ್ಟಿದೆ ಅನ್ನುವ ಸರ್ಕಾರಿ ದಾಖಲೆಯನ್ನೂ ಹಕ್ಕಿ ಎಣಿಕೆಯನ್ನೂ ಪಕ್ಕಪಕ್ಕ ಇಟ್ಟರು. 2014ರಲ್ಲಿ ಫಲಿತಾಂಶ ಬಂತು. ಲೀಟರಿಗೆ 20 ನ್ಯಾನೊಗ್ರಾಂಗಿಂತ ಹೆಚ್ಚಿದ್ದ ಕಡೆ ಹುಳ ತಿನ್ನುವ ಹಕ್ಕಿಗಳು ಸರಾಸರಿ ವರ್ಷಕ್ಕೆ ನೂರಕ್ಕೆ ಮೂರೂವರೆಯಷ್ಟು ಕಮ್ಮಿಯಾಗುತ್ತಿದ್ದವು. ಆ ಔಷಧಿ ಬರುವ ಮೊದಲೂ ಅದೇ ಜಾಗಗಳಲ್ಲಿ ಹೀಗೇ ಇತ್ತೇ ಅಂತಲೂ ಹಿಂದಕ್ಕೆ ಹೋಗಿ ನೋಡಿದ್ದರು. ಇರಲಿಲ್ಲ. ಹಿಂದಿನದನ್ನು ನೋಡದೆ ಬಿಟ್ಟಿದ್ದರೆ ನಾನು ಆ ಅಧ್ಯಯನವನ್ನು ಇಷ್ಟು ನಂಬುತ್ತಿರಲಿಲ್ಲ.

ನಮ್ಮಲ್ಲಿ ಬೇಸಿಗೆ ಟೊಮೆಟೊಗೆ ಬಿಳಿನೊಣ, ಕಾಯಿಕೊರಕ ಅಂತ ವಾರಕ್ಕೊಮ್ಮೆ, ಕೆಲವೊಮ್ಮೆ ಎರಡು ಸಲ ಪಂಪು ಹೆಗಲೇರುವುದು ಮಾರ್ಚ್‌ನಿಂದ ಜೂನ್ ತನಕ. ನೀಲಕಂಠ, ಗೊರವಂಕ ಗೂಡು ಮಾಡುವುದೂ ಅದೇ ತಿಂಗಳುಗಳಲ್ಲಿ. ಟೊಮೆಟೊ ಸೀಮೆಯಲ್ಲಿ ಔಷಧಿಯ ಪಾಲು ಇದ್ದೇ ಇದೆ, ಅದೂ ಹೆಚ್ಚಾಗಿ ಊಟ ಕಮ್ಮಿಯಾಗುವ ದಾರಿಯಲ್ಲಿ, ಅಂತ ನನಗೆ ಅನ್ನಿಸುವುದು ಇದಕ್ಕೇ. ಅನ್ನಿಸುವುದು ಬೇರೆ, ತೋರಿಸುವುದು ಬೇರೆ. ನಿಮ್ಮ ಹುಡುಗರು ತೋರಿಸಬಹುದು. ಗೂಡಿನಿಂದ ದೂರ ಕೂತು, ಒಂದು ಗಂಟೆಯಲ್ಲಿ ಗೊರವಂಕ ಎಷ್ಟು ಸಲ ಮೇವು ತಂತು, ಕೊಕ್ಕಿನಲ್ಲಿ ಹುಳವೋ ಹಣ್ಣೋ ಅಂತ ಬರೆಯಲಿ. ಅವರೆ ಗಿಡದ ಕೆಳಗೆ ಬಿಳಿ ಪಂಚೆ ಹಾಸಿ ಕೋಲಿನಿಂದ ಹತ್ತು ಸಲ ಬಡಿದು ಉದುರಿದ ಹುಳ ಎಣಿಸಲಿ. ಗೂಡಿನ ಹತ್ತಿರ ಹೋಗಿ ಇಣುಕುವುದು ಮಾತ್ರ ಬೇಡ, ಕಾಗೆಗೆ ದಾರಿ ತೋರಿಸಿದಂತಾಗುತ್ತದೆ.

ಇದೆಲ್ಲ ಮುಗಿಯಲು ಎರಡು ಮೂರು ವರ್ಷ ಹಿಡಿಯುತ್ತದೆ. ಅಲ್ಲಿಯ ತನಕ ಸುಮ್ನೆ ಕೂರಬೇಕಿಲ್ಲ. ಚೆಲ್ಲಿದ ಬೀಜ ಹೆಕ್ಕಿ ಹೂಳಿ. ಬದುವಿಗೆ ಕಳೆ ಔಷಧಿ ಹೊಡೆಯುವುದು ನಿಲ್ಲಿಸಿ. ಅವರೆ, ತೊಗರಿಯಲ್ಲಿ ಹಕ್ಕಿ ಕೂರಲು ಅಡ್ಡಕಡ್ಡಿ ಕಟ್ಟಿದ ಕೋಲು ನೆಡಿ. ಕಾಜಾಣ ಬಂದು ಕೂತರೆ ಕಾಯಿಕೊರಕ ಆರಿಸುತ್ತದೆ.

ಎಣಿಕೆಯನ್ನು ಫೆಬ್ರವರಿಯಲ್ಲೇ ಶುರುಮಾಡಿ, ಬೇಸಿಗೆ ಔಷಧಿ ಜೋರಾಗುವ ಮೊದಲು ಒಂದು ಸಲ ಆಗಿರಬೇಕು. ಇಷ್ಟೆಲ್ಲಾ ಮಾಡಲು ಆಗದಿದ್ದರೆ ಒಂದು ಕೆಲಸವನ್ನಾದರೂ ಮಾಡಿ. ಜುಲೈ, ಆಗಸ್ಟ್‌ನಲ್ಲಿ ಬೆಳಗ್ಗೆ ಸಂಜೆ ಬದುವಿನಲ್ಲಿ ಓಡಾಡುವಾಗ ಗೌಜಲಕ್ಕಿ ಜೋಡಿ ಕಂಡರೆ ಜೊತೆಗೆ ಮರಿ ಎಷ್ಟು ಅಂತ ಬರೆಯಿರಿ. ಯಾವ ಊರು, ಸುತ್ತ ಯಾವ ಬೆಳೆ, ದಿನ ಯಾವುದು, ಅಷ್ಟೇ. ಮರಿ ಇಲ್ಲದ ಜೋಡಿ ಕಂಡರೆ ಬಿಟ್ಟು ಬರಬೇಡಿ, ಅಲ್ಲಿ ಸೊನ್ನೆ ಅಂತ ಬರೆಯಿರಿ. ಐದು ಮರಿ ಕಂಡ ದಿನ ಎಲ್ಲರೂ ಬರೆಯುತ್ತಾರೆ, ನನಗೆ ಆ ಸೊನ್ನೆಗಳೂ ಬೇಕು.